ಕಳಚಿದ ಬೆಲ್ಟನ್ನು ಎಸೆಯಬೇಡಿ: ಎಂಜಿನ್ ಬೆಲ್ಟ್ ಬಿದ್ದ ಕಾರಣ ಹುಡುಕುವ ಬಗೆ

ಮೂಲ್ಕಿ ದಾಟಿ ಪಡುಬಿದ್ರಿ ಕಡೆ ಹೋಗುತ್ತಿರುವಾಗ ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಎಸಿಯ ಗಾಳಿ ಬೆಚ್ಚಗಾಗುತ್ತದೆ, ಸ್ಟಿಯರಿಂಗ್ ಕಲ್ಲಿನ ಹಾಗೆ ಬಿಗಿಯಾಗುತ್ತದೆ. ಬಾನೆಟ್ ತೆರೆಯುವ ಮೊದಲೇ ಹೇಳಬಹುದು, ಬೆಲ್ಟ್ ಹೋಗಿದೆ ಎಂದು. ಆಮೇಲೆ ಸಾಮಾನ್ಯವಾಗಿ ನಡೆಯುವುದು ಇಷ್ಟೇ: ಹತ್ತಿರದ ಗ್ಯಾರೇಜಿನವರು ಬರುತ್ತಾರೆ, ಹೊಸ ಬೆಲ್ಟ್ ಹಾಕುತ್ತಾರೆ, ಹಳೆಯದು ಪೊದೆಗೆ ಹೋಗುತ್ತದೆ. ಎರಡು ದಿನಕ್ಕೋ ಎರಡು ವಾರಕ್ಕೋ ಹೊಸ ಬೆಲ್ಟೂ ಬೀಳುತ್ತದೆ, ಆಗ ‘ಬೆಲ್ಟ್ ಡೂಪ್ಲಿಕೇಟ್’ ಎಂಬ ದೂರು ಶುರು. ಆದರೆ ಸರಿಯಾದ ನಂಬರಿನ ಬೆಲ್ಟ್ ತಾನಾಗಿ ಕಳಚುವುದು ಬಹಳ ಕಡಿಮೆ. ಯಾವುದೋ ಒಂದು ಪುಲ್ಲಿ ಅದನ್ನು ಹೊರಗೆ ದೂಡಿರುತ್ತದೆ, ಇಲ್ಲವೇ ಯಾವುದೋ ಒಂದು ಸ್ಪ್ರಿಂಗ್ ಅದನ್ನು ಹಿಡಿದಿಡಲು ಸೋತಿರುತ್ತದೆ. ಅದು ಯಾವುದು ಎಂದು ತಿಳಿಯದೆ ಹೊಸ ಬೆಲ್ಟ್ ಹಾಕಿದರೆ ದುಡ್ಡೂ ದಂಡ, ಇನ್ನೊಮ್ಮೆ ದಾರಿಯಲ್ಲಿ ನಿಲ್ಲುವುದೂ ಖಚಿತ.

ಇಲ್ಲಿ ಹೇಳುತ್ತಿರುವುದು ಎಂಜಿನ್ನಿನ ಹೊರಗೆ ಹಾವಿನಂತೆ ಸುತ್ತಿ ಬರುವ ಅಗಲದ ಬೆಲ್ಟಿನ ಬಗ್ಗೆ. ಅದರ ಒಳಮೈಯಲ್ಲಿ ಉದ್ದಕ್ಕೂ ಓಡುವ ಏಣುಗಳಿರುತ್ತವೆ, ಗ್ಯಾರೇಜಿನಲ್ಲಿ ಇವಕ್ಕೆ ರಿಬ್ ಎನ್ನುತ್ತಾರೆ. ಈ ಏಣುಗಳು ಪುಲ್ಲಿಯ ತೋಡುಗಳಲ್ಲಿ ಕೂರುತ್ತವೆ. ಎಂಜಿನ್ನಿನ ಮುಖ್ಯ ಶಾಫ್ಟಿನ ತುದಿಯ ಕ್ರ್ಯಾಂಕ್ ಪುಲ್ಲಿ ಬೆಲ್ಟನ್ನು ಎಳೆಯುತ್ತದೆ, ಬೆಲ್ಟ್ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎಸಿ ಕಂಪ್ರೆಸರ್ ಮುಂತಾದವನ್ನು ತಿರುಗಿಸುತ್ತದೆ. ಹಳೇ ರೂಢಿಯಿಂದ ಎಲ್ಲರೂ ಇದನ್ನು ಫ್ಯಾನ್ ಬೆಲ್ಟ್ ಎಂದೇ ಕರೆಯುತ್ತಾರೆ, ಈಗಿನ ಹೆಚ್ಚಿನ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ಕರೆಂಟಿನಿಂದ ತಿರುಗಿದರೂ. ಎಂಜಿನ್ನಿನ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆಯುವಂತೆ ಮಾಡುವ, ಕವರಿನೊಳಗೆ ಅಡಗಿರುವ ಹಲ್ಲಿನ ಟೈಮಿಂಗ್ ಬೆಲ್ಟ್ ಬೇರೆಯೇ, ಎರಡನ್ನೂ ಒಂದೆಂದು ತಿಳಿಯಬಾರದು.

ದಾರಿಯಲ್ಲಿ ಮೊದಲು

ಎಡಕ್ಕೆ ತೆಗೆದು ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಮುಂದೆ ಓಡಿಸಬಹುದೇ ಎಂಬುದು ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ನಿಮ್ಮ ಗಾಡಿಯ ವಾಟರ್ ಪಂಪ್ ಈ ಬೆಲ್ಟಿನಿಂದ ತಿರುಗುತ್ತದೆಯೇ? ಹೌದಾದರೆ ಒಂದು ಕಿಲೋಮೀಟರೂ ಬೇಡ. ಕೂಲೆಂಟ್ ಹರಿಯದಿದ್ದರೆ ಕೆಲವೇ ನಿಮಿಷಗಳಲ್ಲಿ ಸಿಲಿಂಡರ್ ಹೆಡ್ ಬಾಗುವಷ್ಟು ಬಿಸಿಯೇರುತ್ತದೆ, ಆ ರಿಪೇರಿಯ ಎದುರು ಟೋವಿಂಗ್ ಬಾಡಿಗೆ ಏನೂ ಅಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಇದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.

ವಾಟರ್ ಪಂಪ್ ಟೈಮಿಂಗ್ ಬೆಲ್ಟಿನಲ್ಲೋ ಕರೆಂಟಿನಲ್ಲೋ ನಡೆಯುವ ಗಾಡಿಯಾದರೆ ಬ್ಯಾಟರಿಯ ಬಲದಲ್ಲಿ ಸ್ವಲ್ಪ ದೂರ ಸಾಗಬಹುದು. ಚಿಕ್ಕ ಕಾರಿನ ಬ್ಯಾಟರಿ 35ರಿಂದ 45 ಆಂಪಿಯರ್ ಅವರ್‌ನದು. ಹೆಡ್‌ಲೈಟ್, ವೈಪರ್, ರೇಡಿಯೇಟರ್ ಫ್ಯಾನ್, ಪೆಟ್ರೋಲ್ ಪಂಪ್ ಎಲ್ಲ ಸೇರಿ 30 ಆಂಪಿಯರಿಗೂ ಮೇಲೆ ಎಳೆಯುತ್ತವೆ. ಲೆಕ್ಕದಲ್ಲಿ ಒಂದು ತಾಸು ಸಿಕ್ಕಂತೆ ಕಂಡರೂ ಮಳೆಗಾಲದ ರಾತ್ರಿ ಅರ್ಧ ತಾಸಿಗೇ ವೋಲ್ಟೇಜ್ ಕುಸಿದು ಎಂಜಿನ್ ನಿಲ್ಲಬಹುದು. ಎಲೆಕ್ಟ್ರಿಕ್ ಸ್ಟಿಯರಿಂಗ್ ಇದ್ದರೆ ಅದರ ಎಳೆತವೂ ಸೇರುತ್ತದೆ. ಹಗಲು ಹೊತ್ತು, ಮಳೆಯಿಲ್ಲ, ಗ್ಯಾರೇಜ್ ಹತ್ತಿರ ಇದೆ ಎಂದರೆ ಮಾತ್ರ ಹೊರಡಿ.

ಹಳೆಯ ಡೀಸೆಲ್ ಗಾಡಿ ಇಟ್ಟುಕೊಂಡವರು ಇದನ್ನು ಗಮನವಿಟ್ಟು ಓದಬೇಕು. ಇಂಥ ಎಷ್ಟೋ ಎಂಜಿನ್‌ಗಳಲ್ಲಿ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಜೋಡಿಸಿದೆ. ಬೆಲ್ಟ್ ಹೋದರೆ ಆಲ್ಟರ್ನೇಟರ್ ನಿಲ್ಲುತ್ತದೆ, ಎರಡು ಮೂರು ಸಲ ಬ್ರೇಕ್ ತುಳಿದ ಮೇಲೆ ಪೆಡಲ್ ಮರದಂತೆ ಗಟ್ಟಿಯಾಗುತ್ತದೆ. ಆಗುಂಬೆ, ಚಾರ್ಮಾಡಿ, ಶಿರಾಡಿ ಇಳಿಯುವಾಗ ಹೀಗಾದರೆ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕಿನ ನೆರವಿನಿಂದ ಸಿಕ್ಕ ಮೊದಲ ಜಾಗದಲ್ಲೇ ನಿಲ್ಲಿಸಬೇಕು. ‘ಘಾಟಿ ಇಳಿದ ಮೇಲೆ ನೋಡೋಣ’ ಎನ್ನುವ ಹಾಗಿಲ್ಲ.

ಹಗ್ಗ, ಕಾಲುಚೀಲ ಕಟ್ಟಿ ಓಡಿಸುವ ಉಪಾಯ ಒಂಟಿ ‘ವಿ’ ಬೆಲ್ಟಿನ ಕಾಲದ್ದು. ಐದಾರು ಪುಲ್ಲಿ ಸುತ್ತಿ ಬರುವ ಬೆಲ್ಟಿಗೆ ಅದು ನಡೆಯುವುದಿಲ್ಲ.

ಬಿದ್ದ ಬೆಲ್ಟನ್ನು ಓದುವುದು

ಹೆಚ್ಚಿನ ಉತ್ತರ ಇಲ್ಲೇ ಸಿಗುತ್ತದೆ. ಎಂಜಿನ್ ತಣಿದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಬೆಲ್ಟನ್ನೂ ಅದರ ಚೂರುಗಳನ್ನೂ ಒಂದೂ ಬಿಡದೆ ಹೆಕ್ಕಿ ಪೇಪರಿನ ಮೇಲೆ ಹರಡಿ. ಚೂರುಗಳನ್ನು ಜೋಡಿಸಿ ಪೂರ್ತಿ ಬೆಲ್ಟ್ ಆಗುತ್ತದೆಯೇ ನೋಡಿ. ಒಂದು ಏಣು, ಒಂದಷ್ಟು ನೂಲು ಕಡಿಮೆ ಬಿದ್ದರೆ ಅದು ಕ್ರ್ಯಾಂಕ್ ಪುಲ್ಲಿಯ ಹಿಂದೆ ಸುತ್ತಿಕೊಂಡಿರುವ ಸಾಧ್ಯತೆ ಇದೆ. ಅಲ್ಲಿಂದ ಅದು ಕ್ರ್ಯಾಂಕ್ ಆಯಿಲ್ ಸೀಲನ್ನು ಕತ್ತರಿಸಬಹುದು, ಟೈಮಿಂಗ್ ಕವರಿನೊಳಗೆ ನುಸುಳಿ ಟೈಮಿಂಗನ್ನೇ ಹಾರಿಸಬಹುದು. ಆ ನೂಲು ಸಿಗುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬಾರದು, ಪುಲ್ಲಿ ಬಿಚ್ಚಬೇಕಾದರೂ ಸರಿ.

ಆಮೇಲೆ ಬೆಲ್ಟಿನ ಅಂಚು. ಒಂದೇ ಬದಿಯ ಅಂಚು ಕುಂಚದಂತೆ ನೂಲು ಬಿಟ್ಟಿದ್ದರೆ ಯಾವುದೋ ಪುಲ್ಲಿ ಸಾಲಿನಿಂದ ಹೊರಗಿದೆ. ಆ ಬದಿ ಎಂಜಿನ್ ಕಡೆಗಿತ್ತೋ ಚಕ್ರದ ಕಡೆಗಿತ್ತೋ ಎಂದು ಗುರುತಿಟ್ಟುಕೊಳ್ಳಿ. ಅಂಚಿನ ಒಂದು ಏಣು ಮಾತ್ರ ಸುತ್ತಲೂ ಚಾಕುವಿನಿಂದ ಕೊಯ್ದಂತೆ ಸೀಳಿದ್ದು ಉಳಿದವು ಹೊಸದರಂತೆ ಇದ್ದರೆ, ಹಾಕುವಾಗ ಒಂದು ತೋಡು ತಪ್ಪಿ ಕೂರಿಸಿದ್ದಾರೆ ಎಂದೇ ಮೊದಲು ಸಂಶಯಿಸಿ. ಹಾಕಿದ ದಿನವೇ ಬಿದ್ದ ಬೆಲ್ಟಿನಲ್ಲಿ ಕಾಣುವುದು ಹೆಚ್ಚಾಗಿ ಇದೇ. ಏಣುಗಳೆಲ್ಲ ಕನ್ನಡಿಯಂತೆ ಹೊಳೆಯುತ್ತಾ ಗಟ್ಟಿಯಾಗಿದ್ದರೆ ಬೆಲ್ಟ್ ಬಹಳ ದಿನದಿಂದ ಜಾರುತ್ತಿತ್ತು, ಅಂದರೆ ಬಿಗಿ ಸಾಲದು. ಒಂದೇ ಜಾಗದಲ್ಲಿ ಸುಟ್ಟು ಕರಗಿದ್ದರೆ ಯಾವುದೋ ಪುಲ್ಲಿ ತಿರುಗದೆ ಹಿಡಿದುಕೊಂಡಿದೆ, ಆ ಪುಲ್ಲಿಯ ಮೇಲೂ ಕರಗಿದ ರಬ್ಬರ್ ಅಂಟಿರುತ್ತದೆ. ಮೆತ್ತಗೆ ಉಬ್ಬಿ ಜಿಡ್ಡಾಗಿದ್ದರೆ ಆಯಿಲ್ ಬಿದ್ದಿದೆ. ಅಡ್ಡಕ್ಕೆ ಪಟ್ಟನೆ ತುಂಡಾಗಿದ್ದರೆ ಕಲ್ಲು ಸಿಕ್ಕಿರಬಹುದು, ಬೇರಿಂಗ್ ಹಠಾತ್ತನೆ ಹಿಡಿದಿರಬಹುದು, ಅಥವಾ ಹಾಕುವ ಮುಂಚೆ ಬೆಲ್ಟನ್ನು ಮಡಚಿ ಇಟ್ಟು ಒಳಗಿನ ನೂಲು ಮುರಿದಿರಬಹುದು.

ಬಿರುಕು ಇಲ್ಲ, ಆದ್ದರಿಂದ ಬೆಲ್ಟ್ ಚೆನ್ನಾಗಿದೆ ಎನ್ನುವ ಮಾತು ಈಗ ನಡೆಯುವುದಿಲ್ಲ. ಹಿಂದಿನ ನಿಯೋಪ್ರೀನ್ ಬೆಲ್ಟ್ ಬಿರುಕು ಬಿಟ್ಟು ಮುಪ್ಪು ತೋರಿಸುತ್ತಿತ್ತು. ಈಗಿನ ಇಪಿಡಿಎಂ ರಬ್ಬರ್ ಟಯರಿನ ಹಾಗೆ ಸದ್ದಿಲ್ಲದೆ ಸವೆಯುತ್ತದೆ. ಏಣುಗಳ ನಡುವಿನ ಕಣಿವೆ ‘ವಿ’ ಆಕಾರದಿಂದ ಅಗಲವಾದ ‘ಯು’ ಆಗುತ್ತದೆ, ಬೆಲ್ಟ್ ತೋಡಿನ ತಳ ಮುಟ್ಟುತ್ತದೆ, ಪಕ್ಕದ ಗೋಡೆಯ ಹಿಡಿತ ಹೋಗುತ್ತದೆ. ಹೊಸ ಬೆಲ್ಟನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ.

ಕೊನೆಗೆ ಬೆಲ್ಟಿನ ಬೆನ್ನಿನ ಮೇಲಿನ ನಂಬರ್. 6ಪಿಕೆ1200 ಎಂದಿದ್ದರೆ ಆರು ಏಣು, 1200 ಮಿಲಿಮೀಟರ್ ಉದ್ದ. ಏಣಿನಿಂದ ಏಣಿಗೆ 3.56 ಮಿ.ಮೀ., ಹಾಗಾಗಿ ಆರು ಏಣಿನ ಬೆಲ್ಟ್ ಸುಮಾರು 21 ಮಿ.ಮೀ. ಅಗಲ. ‘ಇದೇ ಸೈಜ್, ಸ್ವಲ್ಪ ದೊಡ್ಡದು, ನಡೆಯುತ್ತದೆ’ ಎಂದು ಹತ್ತು ಹದಿನೈದು ಮಿ.ಮೀ. ಹೆಚ್ಚು ಉದ್ದದ್ದನ್ನು ಹಾಕಿದರೆ, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರಿನ ತೋಳು ತನ್ನ ಕೊನೆಯ ತನಕ ಹೋಗಿ ನಿಲ್ಲಬಹುದು, ಆಗ ಬಿಗಿಗೊಳಿಸಲು ಅದರ ಬಳಿ ಇನ್ನೇನೂ ಉಳಿಯುವುದಿಲ್ಲ. ಅಂಗಡಿಗೆ ಹೋಗುವಾಗ ಮಾಡೆಲ್ ವರ್ಷ ಮಾತ್ರ ಹೇಳಬೇಡಿ, ಹಳೆಯ ಬೆಲ್ಟನ್ನೇ ಕೊಂಡೊಯ್ಯಿರಿ. ಆದರೆ ಹಳೆಯದೇ ತಪ್ಪು ಸೈಜಿನದಾಗಿರಲೂಬಹುದು, ಆದ್ದರಿಂದ ಕಂಪೆನಿಯ ಪಾರ್ಟ್ ನಂಬರಿನ ಜೊತೆ ತಾಳೆ ನೋಡಲೇಬೇಕು.

ಪುಲ್ಲಿ ಒಂದೊಂದನ್ನೂ ಕೈಯಲ್ಲಿ ತಿರುಗಿಸಿ

ಎಂಜಿನ್ ಅಡ್ಡ ಕೂತಿರುವ ಕಾರುಗಳಲ್ಲಿ ಬೆಲ್ಟ್ ಒಂದು ಮುಂಚಕ್ರದ ಕಡೆಗಿರುತ್ತದೆ. ಜ್ಯಾಕ್ ಕೊಟ್ಟು, ಅದರ ಮೇಲೇ ನಂಬಿಕೆಯಿಡದೆ ಸ್ಟ್ಯಾಂಡ್ ಇಟ್ಟು, ಚಕ್ರ ತೆಗೆದು, ಒಳಗಿನ ಪ್ಲಾಸ್ಟಿಕ್ ಶೀಲ್ಡ್ ಬಿಚ್ಚಿ. ಶೀಲ್ಡ್ ಅಲ್ಲಿ ಇಲ್ಲವೇ ಇಲ್ಲ ಎಂದಾದರೆ ಅದನ್ನೂ ಬರೆದಿಟ್ಟುಕೊಳ್ಳಿ, ನಮ್ಮ ಕರಾವಳಿಯಲ್ಲಿ ಅದೇ ದೊಡ್ಡ ಕಾರಣವಾಗುವುದುಂಟು.

ಬೆಲ್ಟ್ ಇಲ್ಲದ ಈ ಹೊತ್ತೇ ತಪಾಸಣೆಗೆ ಒಳ್ಳೆಯದು, ಪ್ರತಿ ಪುಲ್ಲಿಯೂ ತನ್ನಷ್ಟಕ್ಕೆ ಬಿಡಿಯಾಗಿದೆ. ಐಡ್ಲರ್ (ಬೆಲ್ಟಿಗೆ ದಾರಿ ತೋರಿಸುವುದಷ್ಟೇ ಕೆಲಸವಾದ ಪುಲ್ಲಿ) ಮತ್ತು ಟೆನ್ಷನರಿನ ಪುಲ್ಲಿಯನ್ನು ಬೆರಳಿನಿಂದ ಜೋರಾಗಿ ತಿರುಗಿಸಿ. ಗ್ರೀಸ್ ಇರುವ ಬೇರಿಂಗ್ ಸದ್ದಿಲ್ಲದೆ ಒಂದೆರಡು ಸುತ್ತು ತಿರುಗಿ ನಿಲ್ಲುತ್ತದೆ. ಬುಗುರಿಯ ಹಾಗೆ ಸರ್ರನೆ ಸುಮಾರು ಹೊತ್ತು ತಿರುಗುತ್ತಲೇ ಇದ್ದರೆ ಚೆನ್ನಾಗಿದೆ ಎಂದು ಸಂತೋಷಪಡಬೇಡಿ, ಒಳಗೆ ಗ್ರೀಸ್ ಒಣಗಿದೆ. ಮರಳು ಅರೆದ ಸದ್ದು ಬಂದರೆ, ಹಿಡಿದು ಅಲ್ಲಾಡಿಸಿದಾಗ ಪ್ಲೇ, ಅಂದರೆ ಸಡಿಲ, ಸಿಕ್ಕರೆ ಬದಲಿಸಿ. ಪ್ಲಾಸ್ಟಿಕ್ ಪುಲ್ಲಿಯಾದರೆ ಅಂಚು ಒಡೆದಿದೆಯೇ, ಮೈ ನಡುವೆ ತಗ್ಗಾಗಿ ಸವೆದಿದೆಯೇ ಎಂದೂ ನೋಡಿ. ಬೆಲ್ಟ್ ದಾರಿ ತಪ್ಪುವುದು ಹೆಚ್ಚಾಗಿ ಇಂಥ ನುಣುಪು ಪುಲ್ಲಿಯ ಮೇಲೆ. ತೋಡಿಲ್ಲದ ಕಡೆ ಬೆಲ್ಟನ್ನು ಹಿಡಿದಿಡುವುದು ನೇರ ಮತ್ತು ಬಿಗಿ ಎರಡೇ.

ಎಸಿ ಕಂಪ್ರೆಸರಿನಲ್ಲಿ ಕ್ಲಚ್ ಇದ್ದರೆ ಹೊರಗಿನ ಪುಲ್ಲಿ ಹಗುರವಾಗಿ ತಿರುಗಬೇಕು, ಎದುರಿನ ತಟ್ಟೆ ನಿಂತಿರಬೇಕು. ಎರಡೂ ಒಟ್ಟಿಗೆ ತಿರುಗಿದರೆ ಕ್ಲಚ್ ಅಂಟಿದೆ. ಪುಲ್ಲಿ ಓಲಾಡಿದರೆ ಬೇರಿಂಗ್ ಹೋಗಿದೆ. ಎಸಿ ಹಾಕಿದಾಗ ಮಾತ್ರ ಬೆಲ್ಟ್ ಕಿರುಚುತ್ತಿತ್ತು ಎಂದಾದರೆ ಇಲ್ಲಿ ಹೆಚ್ಚು ಹೊತ್ತು ಕಳೆಯಿರಿ. ವಾಟರ್ ಪಂಪಿನ ಶಾಫ್ಟಿನ ಕೆಳಗೆ ಚಿಕ್ಕ ತೂತು ಇರುತ್ತದೆ. ಅಲ್ಲಿಂದ ಕೂಲೆಂಟ್ ಸೋರಿ ಗುಲಾಬಿಯೋ ಹಸಿರೋ ಬಣ್ಣದ ಹಕ್ಕಳೆ ಕಟ್ಟಿದ್ದರೆ ಸೀಲ್ ಹೋಗಿದೆ, ಬೇರಿಂಗಿನ ಸರದಿ ಮುಂದಿನದು.

ಆಲ್ಟರ್ನೇಟರ್ ಪುಲ್ಲಿ ಈಗೀಗ ಬರೀ ಕಬ್ಬಿಣದ ಚಕ್ರವಲ್ಲ. ಬಹಳಷ್ಟು ಡೀಸೆಲ್ ಕಾರುಗಳಲ್ಲಿ ಅದರೊಳಗೆ ಒಂದು ದಿಕ್ಕಿಗೆ ಮಾತ್ರ ಹಿಡಿಯುವ ಕ್ಲಚ್ ಇದೆ. ಒಳಗಿನ ರೋಟರ್ ತಿರುಗದಂತೆ ಹಿಡಿದು ಪುಲ್ಲಿಯನ್ನು ಎರಡೂ ಕಡೆಗೆ ತಿರುಗಿಸಿ. ಒಂದು ಕಡೆಗೆ ಸಲೀಸಾಗಿ ತಿರುಗಬೇಕು, ಇನ್ನೊಂದು ಕಡೆಗೆ ಹಿಡಿಯಬೇಕು ಅಥವಾ ಸ್ಪ್ರಿಂಗಿನಂತೆ ತಡೆಯಬೇಕು. ಎರಡೂ ಕಡೆ ಗಟ್ಟಿ ಎಂದರೆ ಜಾಮ್ ಆಗಿದೆ. ಆಗ ಎಂಜಿನ್ನಿನ ಪ್ರತಿ ಏಟೂ ಬೆಲ್ಟಿಗೆ, ಅಲ್ಲಿಂದ ಟೆನ್ಷನರಿಗೆ ಹೋಗುತ್ತದೆ. ಟೆನ್ಷನರ್ ಪದೇ ಪದೇ ಹಾಳಾಗುವ ಗಾಡಿಯಲ್ಲಿ ನಿಜವಾದ ಕಳ್ಳ ಎಷ್ಟೋ ಸಲ ಈ ಪುಲ್ಲಿಯೇ.

ಕ್ರ್ಯಾಂಕ್ ಪುಲ್ಲಿಯನ್ನು ಯಾರೂ ನೋಡುವುದಿಲ್ಲ, ಆದ್ದರಿಂದ ಅದರ ಬಗ್ಗೆ ಸ್ವಲ್ಪ ವಿವರ. ಅದು ಒಂದೇ ತುಂಡಿನಂತೆ ಕಂಡರೂ ಎಷ್ಟೋ ಎಂಜಿನ್‌ಗಳಲ್ಲಿ ಎರಡು: ನಡುವಿನ ಗುಂಬ, ಹೊರಗಿನ ಬಳೆ, ಮಧ್ಯೆ ಎರಡನ್ನೂ ಅಂಟಿಸುವ ರಬ್ಬರ್. ಬಿಸಿಗೆ, ಆಯಿಲಿಗೆ, ವಯಸ್ಸಿಗೆ ಆ ರಬ್ಬರ್ ಬಿಟ್ಟರೆ ಹೊರಬಳೆ ನಿಧಾನಕ್ಕೆ ಹಿಂದೆ ಅಥವಾ ಮುಂದೆ ಸರಿಯುತ್ತದೆ, ಬೆಲ್ಟೂ ಅದರ ಜೊತೆಗೇ ಸರಿಯುತ್ತದೆ. ನಿಂತ ಗಾಡಿಯಲ್ಲಿ ಇದು ಕಾಣುವುದೇ ಇಲ್ಲ. ಗುಂಬದಿಂದ ಹೊರಬಳೆಯ ತನಕ ಸೀಮೆಸುಣ್ಣದಲ್ಲೋ ಪೇಂಟಿನಲ್ಲೋ ಒಂದು ನೇರ ಗೆರೆ ಎಳೆದಿಡಿ. ಬೆಲ್ಟ್ ಹಾಕಿ ಎಸಿ, ಹೆಡ್‌ಲೈಟ್ ಹಚ್ಚಿ ಹತ್ತು ನಿಮಿಷ ಓಡಿಸಿ ಆಫ್ ಮಾಡಿ. ಗೆರೆ ಮುರಿದು ಎರಡಾಗಿದ್ದರೆ ಪುಲ್ಲಿ ಬದಲಿಸಲೇಬೇಕು. ಎಂಜಿನ್ ಓಡುವಾಗ ದೂರದಿಂದ ಟಾರ್ಚ್ ಬಿಟ್ಟು ನೋಡಿದಾಗ ಪುಲ್ಲಿ ತೂಗಾಡುತ್ತಿದ್ದರೂ ಅದೇ ತೀರ್ಪು. ಆ ಹೊತ್ತಿಗೆ ತೋಳು, ಸೆರಗು, ಶಾಲು, ಕೂದಲು ಬೆಲ್ಟಿನ ಹತ್ತಿರ ಸುಳಿಯಬಾರದು.

ಟೆನ್ಷನರ್

ಸ್ವಯಂಚಾಲಿತ ಟೆನ್ಷನರ್ ಎಂದರೆ ಸ್ಪ್ರಿಂಗ್, ಅದರ ಏರಿಳಿತ ತಡೆಯುವ ಘರ್ಷಣೆಯ ತಟ್ಟೆ, ಒಂದು ತೋಳು, ಒಂದು ಪುಲ್ಲಿ. ಸ್ಪ್ಯಾನರ್ ಹಾಕಿ ತೋಳನ್ನು ಈ ಕೊನೆಯಿಂದ ಆ ಕೊನೆಯ ತನಕ ತಿರುಗಿಸಿ, ನಿಧಾನ ಬಿಡಿ. ಉದ್ದಕ್ಕೂ ಒಂದೇ ಸಮನೆ ಬಿಗಿ ಇರಬೇಕು. ನಡುವೆ ಸಿಕ್ಕಿಬಿದ್ದು ಹಾರಿದರೆ, ಬಿಟ್ಟ ಮೇಲೆ ತನ್ನ ಜಾಗಕ್ಕೆ ಮರಳದಿದ್ದರೆ, ತೋಳು ಅಕ್ಕಪಕ್ಕಕ್ಕೆ ಅಲ್ಲಾಡಿದರೆ ಅದರ ಕತೆ ಮುಗಿದಿದೆ. ಸಮುದ್ರದ ಗಾಳಿಯಲ್ಲಿ ತೋಳಿನ ಬುಡ ತುಕ್ಕು ಹಿಡಿಯುವುದು ನಮ್ಮಲ್ಲಿ ಬೇಗ. ಅದಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಸಡಿಲ ಮಾಡುವುದು ಕೆಟ್ಟ ಅಭ್ಯಾಸ: ತೋಳು ಸಲೀಸಾಗುತ್ತದೆ, ಆದರೆ ಏರಿಳಿತ ತಡೆಯಬೇಕಾದ ತಟ್ಟೆಯೂ ಎಣ್ಣೆ ಕುಡಿದು ಜಾರುತ್ತದೆ, ಬೆಲ್ಟ್ ಕುಣಿದು ಹೊರಬೀಳುತ್ತದೆ.

ಇತ್ತೀಚೆಗೆ ವಾಟರ್ ಪಂಪೋ ಟೈಮಿಂಗ್ ಬೆಲ್ಟೋ ಬದಲಿಸಿದ್ದರೆ ಟೆನ್ಷನರಿನ ಹಿಂದಿರುವ ಚಿಕ್ಕ ಪಿನ್ ತನ್ನ ತೂತಿನೊಳಗೆ ಕೂತಿದೆಯೇ ನೋಡಿ. ಕೂರದೆ ಬೋಲ್ಟ್ ಬಿಗಿದರೆ ಟೆನ್ಷನರ್ ಓರೆಯಾಗಿ ನಿಲ್ಲುತ್ತದೆ. ಎಲ್ಲ ಭಾಗವೂ ಹೊಸದು, ಆದರೂ ಬೆಲ್ಟ್ ನಿಲ್ಲುವುದಿಲ್ಲ ಎಂಬ ಒಗಟಿಗೆ ಹಲವು ಸಲ ಉತ್ತರ ಇದೇ.

ಟೆನ್ಷನರ್ ಇಲ್ಲದೆ ಆಲ್ಟರ್ನೇಟರನ್ನೇ ಎಳೆದು ಬಿಗಿಮಾಡುವ ಗಾಡಿಗಳಲ್ಲಿ ಹೊಸ ಬೆಲ್ಟ್ ಮೊದಲ ಹತ್ತು ಹದಿನೈದು ನಿಮಿಷದಲ್ಲೇ ಸ್ವಲ್ಪ ಸಡಿಲವಾಗುತ್ತದೆ, ಆಮೇಲೆ ಮತ್ತೊಮ್ಮೆ ಬಿಗಿಯಬೇಕು. ಹೆಬ್ಬೆರಳಿನಿಂದ ಎಷ್ಟು ಒತ್ತಿದರೆ ಎಷ್ಟು ಮಿ.ಮೀ. ತಗ್ಗಬೇಕು ಎಂಬುದು ಗಾಡಿಯಿಂದ ಗಾಡಿಗೆ ಬೇರೆ, ಕಂಪೆನಿಯ ಅಳತೆಯನ್ನೇ ಹಿಡಿಯಿರಿ. ‘ಇನ್ನೂ ಸ್ವಲ್ಪ ಬಿಗಿ ಇರಲಿ’ ಎಂದು ಎಳೆದರೆ ವಾಟರ್ ಪಂಪ್ ಮತ್ತು ಆಲ್ಟರ್ನೇಟರ್ ಬೇರಿಂಗ್ ಅದರ ಬೆಲೆ ತೆರುತ್ತವೆ. ಟೆನ್ಷನರೂ ಇಲ್ಲ, ಎಳೆಯುವ ಬೋಲ್ಟೂ ಇಲ್ಲ ಎಂದಾದರೆ ಅದು ತಾನೇ ಹಿಗ್ಗಿ ಹಿಡಿಯುವ ಸ್ಟ್ರೆಚ್ ಬೆಲ್ಟ್. ಒಮ್ಮೆ ತೆಗೆದದ್ದನ್ನು ಮತ್ತೆ ಹಾಕಬಾರದು, ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಲೂಬಾರದು.

ಸಾಲು ನೇರ ಇದೆಯೇ

ಉದ್ದದ ಸ್ಟೀಲ್ ಸ್ಕೇಲನ್ನು ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ಒತ್ತಿ ಹಿಡಿದು ಪಕ್ಕದ ತೋಡಿನ ಪುಲ್ಲಿಯ ತನಕ ಚಾಚಿ. ಅಂಚಿನ ದಪ್ಪ ಎಲ್ಲ ಪುಲ್ಲಿಗೂ ಒಂದೇ ಇರುವುದಿಲ್ಲ, ಆದ್ದರಿಂದ ಹೋಲಿಸಬೇಕಾದ್ದು ಮೊದಲ ತೋಡಿಗೆ ಮೊದಲ ತೋಡನ್ನು. 30 ಸೆಂ.ಮೀ. ದೂರಕ್ಕೆ ಒಂದೂವರೆ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಬಿಡಬಾರದು. ಕಾರಣ ಹೆಚ್ಚಾಗಿ ಹಿಂದಿನ ರಿಪೇರಿಯಲ್ಲೇ ಇರುತ್ತದೆ: ಆಲ್ಟರ್ನೇಟರ್ ಬಿಚ್ಚಿ ವೈಂಡಿಂಗ್ ಮಾಡಿಸಿದಾಗ ಬೇರೆ ಗಾಡಿಯ ಪುಲ್ಲಿ ಬಂದಿರುತ್ತದೆ, ಬ್ರಾಕೆಟಿನ ಹಿಂದಿನ ದಪ್ಪ ವಾಶರ್ ಬಿಟ್ಟುಹೋಗಿರುತ್ತದೆ, ಮೂರು ಬೋಲ್ಟಿನ ಜಾಗದಲ್ಲಿ ಎರಡೇ ಇರುತ್ತವೆ.

ಎಂಜಿನ್ ಮೌಂಟ್ ಹೋದರೆ ಸಾಲು ತಪ್ಪುತ್ತದೆ ಎಂದು ಕೆಲವರು ಹೇಳುತ್ತಾರೆ. ಪುಲ್ಲಿಗಳೆಲ್ಲ ಎಂಜಿನ್ನಿಗೇ ಜೋಡಿಸಿದ್ದರಿಂದ ಅವು ಒಟ್ಟಿಗೇ ಅಲುಗುತ್ತವೆ, ಸಾಲು ತಪ್ಪುವುದಿಲ್ಲ. ಆದರೆ ಎಂಜಿನ್ ವಾಲಿ ಬೆಲ್ಟ್ ಚಾಸಿಗೆ ಉಜ್ಜಬಹುದು, ಬೆಲ್ಟಿನ ಹೊರ ಅಂಚಿನಲ್ಲೂ ಚಾಸಿಯಲ್ಲೂ ಹೊಳೆಯುವ ಗಾಯ ಕಂಡರೆ ಮೌಂಟ್ ನೋಡಿ.

ಬೆಲ್ಟ್ ಬೀಳುವ ಮುಂಚಿನ ಸದ್ದಿನಲ್ಲೂ ಗುಟ್ಟು ಇದೆ. ಹಕ್ಕಿಯ ಚಿಲಿಪಿಲಿಯಂತೆ ತುಂಡು ತುಂಡಾಗಿ ಬಂದರೆ ಸಾಲು ತಪ್ಪಿದ್ದು, ಉದ್ದಕ್ಕೆ ಕಿರುಚಿದರೆ ಜಾರಿದ್ದು. ಬೆಲ್ಟ್ ಇನ್ನೂ ಇರುವ ಗಾಡಿಯಲ್ಲಿ ಏಣಿನ ಬದಿಗೆ ಸ್ವಲ್ಪ ನೀರು ಚಿಮುಕಿಸಿ ನೋಡಬಹುದು. ಸದ್ದು ನಿಂತು ಸ್ವಲ್ಪ ಹೊತ್ತಿಗೆ ಮರಳಿದರೆ ಸಾಲಿನ ದೋಷ, ನೀರು ಬಿದ್ದ ಕೂಡಲೇ ಸದ್ದು ಜೋರಾದರೆ ಬಿಗಿಯ ದೋಷ.

ಮಳೆ, ಉಪ್ಪು, ಕಟ್ಟಿಟ್ಟ ಕಾರು

ಜೂನ್ ಬಂದರೆ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ, ಉಡುಪಿಯ ಕಲ್ಸಂಕದಲ್ಲಿ ನೀರು ನಿಲ್ಲುವುದು ಎಲ್ಲರಿಗೂ ಗೊತ್ತು. ಆ ನೀರಿನಲ್ಲಿ ಸ್ಪೀಡಾಗಿ ನುಗ್ಗಿದಾಗ ಚಕ್ರ ಎರಚುವ ನೀರನ್ನು ಬೆಲ್ಟಿನಿಂದ ದೂರ ಇಡುವುದು ಆ ಪ್ಲಾಸ್ಟಿಕ್ ಶೀಲ್ಡೇ. ಅದರ ಕ್ಲಿಪ್ ಮುರಿದು ನೇತಾಡುತ್ತಿದ್ದರೆ, ಯಾರೋ ಕಿತ್ತು ಬಿಸಾಡಿದ್ದರೆ ನೀರಿನ ಜೊತೆ ಮುರಕಲ್ಲಿನ ಕೆಂಪು ಮರಳು, ಎಲೆ, ಪ್ಲಾಸ್ಟಿಕ್ ಚೀಲ ಎಲ್ಲ ನೇರ ಪುಲ್ಲಿಗೆ ಬರುತ್ತವೆ. ತೋಡಿನಲ್ಲಿ ಒಂದು ಚಿಕ್ಕ ಕಲ್ಲು ಕೂತರೂ ಬೆಲ್ಟ್ ಒಂದು ಏಣು ಪಕ್ಕಕ್ಕೆ ಹಾರುತ್ತದೆ. ನೀರು ದಾಟುವಾಗ ಎಸಿ ಆಫ್ ಮಾಡಿ, ಮೊದಲ ಗೇರಿನಲ್ಲಿ ನಿಧಾನ ಹೋಗಿ. ಶೀಲ್ಡ್ ಇಲ್ಲದೆ ಮಳೆಗಾಲ ಕಳೆಯಬೇಡಿ, ಹೊಸ ಬೆಲ್ಟಿಗಿಂತ ಮೊದಲು ಅದನ್ನೇ ಹಾಕಿಸಿ.

ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು, ಮಲ್ಪೆ ಪಣಂಬೂರು ಕಡಲ ತೀರದ ಗಾಳಿ, ಎರಡೂ ಪುಲ್ಲಿಯ ತೋಡಿಗೆ ತುಕ್ಕು ತರುತ್ತವೆ. ತುಕ್ಕು ಹಿಡಿದ ತೋಡು ಉಪ್ಪುಕಾಗದದಂತೆ ಬೆಲ್ಟನ್ನು ಉಜ್ಜುತ್ತದೆ. ಗಲ್ಫಿನಲ್ಲೋ ಮುಂಬಯಿಯಲ್ಲೋ ಇರುವವರ ಮನೆಯಂಗಳದಲ್ಲಿ ವರ್ಷಗಟ್ಟಲೆ ನಿಂತ ಕಾರುಗಳಿಗೆ ಇದು ಇನ್ನೂ ಹೆಚ್ಚು. ಊರಿಗೆ ಬಂದ ದಿನವೇ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡುವ ಮೊದಲು ತೋಡುಗಳನ್ನು ಟಾರ್ಚಿನಲ್ಲಿ ನೋಡಿ, ಬ್ರಷ್ಷಿನಿಂದ ಉಜ್ಜಿ, ಬಾನೆಟಿನೊಳಗೆ ಇಲಿ ತೆಂಗಿನ ನಾರು ತಂದು ಗೂಡು ಕಟ್ಟಿದೆಯೇ ಎಂದೂ ಪರೀಕ್ಷಿಸಿ. ಉಪ್ಪು ತೊಳೆಯಲು ಸಿಹಿನೀರನ್ನು ಮೆಲ್ಲಗೆ ಹಾಯಿಸಿದರೆ ಸಾಕು. ಪ್ರೆಷರ್ ವಾಶರನ್ನು ಪುಲ್ಲಿಗೆ ನೇರ ಹಿಡಿದರೆ ಬೇರಿಂಗಿನ ಸೀಲ್ ದಾಟಿ ನೀರು ಒಳಹೋಗುತ್ತದೆ, ಗ್ರೀಸ್ ಹೊರಬರುತ್ತದೆ.

ಘಾಟಿಯ ಹಿಮ್ಮುರಿ ತಿರುವಿನಲ್ಲಿ ಬೆಲ್ಟ್ ಬಿದ್ದಿದ್ದರೆ ಅದಕ್ಕೂ ಅರ್ಥವಿದೆ. ಹೈಡ್ರಾಲಿಕ್ ಸ್ಟಿಯರಿಂಗನ್ನು ಕೊನೆಯ ತನಕ ತಿರುಗಿಸಿ ಹಿಡಿದಾಗ ಪಂಪಿನ ಭಾರ ಅತಿ ಹೆಚ್ಚು, ಎಂಜಿನ್ ವೇಗ ಕಡಿಮೆ, ಎಸಿಯೂ ಹಚ್ಚಿರುತ್ತದೆ. ಸೋತ ಟೆನ್ಷನರ್ ಸಪಾಟು ರಸ್ತೆಯಲ್ಲಿ ಹೇಗೋ ನಿಭಾಯಿಸಿ ಇಲ್ಲಿ ಕೈಬಿಡುತ್ತದೆ.

ಆಯಿಲ್ ಸೋರಿಕೆ ಇದ್ದರೆ ಅದನ್ನು ನಿಲ್ಲಿಸಿದ ಮೇಲೆಯೇ ಹೊಸ ಬೆಲ್ಟ್. ಆಯಿಲ್ ಕುಡಿದ ಬೆಲ್ಟನ್ನು ಒರೆಸಿ ಮತ್ತೆ ಹಾಕಬೇಡಿ. ಸದ್ದು ನಿಲ್ಲಿಸಲು ಸೋಪು, ಮೇಣ, ಬೆಲ್ಟ್ ಸ್ಪ್ರೇ ಯಾವುದನ್ನೂ ಹಚ್ಚಬೇಡಿ. ಅವು ಧೂಳನ್ನು ಅಂಟಿಸಿಕೊಳ್ಳುತ್ತವೆ, ದೋಷವನ್ನು ನಾಲ್ಕು ದಿನ ಮುಚ್ಚಿಡುತ್ತವೆ, ಅಷ್ಟೇ.

ಹಾಕುವಾಗ

ಬಾನೆಟಿನ ಅಡಿಯ ಸ್ಟಿಕರಿನಲ್ಲೋ ಮ್ಯಾನ್ಯುಯಲಿನಲ್ಲೋ ಬೆಲ್ಟಿನ ದಾರಿಯ ಚಿತ್ರ ಇರುತ್ತದೆ, ನೆನಪಿನ ಮೇಲೆ ಹಾಕಬೇಡಿ. ಏಣಿನ ಬದಿ ತೋಡಿನ ಪುಲ್ಲಿಗೆ, ನುಣುಪು ಬೆನ್ನು ನುಣುಪು ಪುಲ್ಲಿಗೆ ಬರಬೇಕು. ಹಾಗೆ ಬರದಿದ್ದರೆ ದಾರಿ ತಪ್ಪಿದೆ. ವಾಟರ್ ಪಂಪ್ ಹಿಮ್ಮುಖ ತಿರುಗುವಂತೆ ಸುತ್ತಿದರೂ ಬೆಲ್ಟ್ ಕೂತೇ ಕೂರುತ್ತದೆ, ಎಂಜಿನ್ ಮಾತ್ರ ಕುದಿಯುತ್ತದೆ. ಟೆನ್ಷನರ್ ತೋಳು ಎಳೆದು ಹಿಡಿದು, ತಲುಪಲು ಸುಲಭವಾದ ನುಣುಪು ಪುಲ್ಲಿಯ ಮೇಲೆ ಬೆಲ್ಟನ್ನು ಕೊನೆಗೆ ಜಾರಿಸಿ. ತೋಳನ್ನು ಫಟ್ಟನೆ ಬಿಡಬೇಡಿ.

ನಂತರ ಪ್ರತಿ ಪುಲ್ಲಿಯ ಎರಡೂ ಅಂಚಿಗೆ ಬೆರಳು ಆಡಿಸಿ, ಕಣ್ಣಿಗೆ ಕಾಣದ ಕೆಳಗಿನ ಪುಲ್ಲಿಗೂ. ಒಂದು ಏಣು ಹೊರಗೆ ನಿಂತಿದ್ದರೆ ಬೆರಳಿಗೆ ತಾಗುತ್ತದೆ. ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ಎರಡು ಪೂರ್ತಿ ಸುತ್ತು ತಿರುಗಿಸಿ, ಮತ್ತೆ ಬೆರಳು ಆಡಿಸಿ. ಬ್ಯಾಟರಿ ಜೋಡಿಸಿ ಅರ್ಧ ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿ, ಇನ್ನೊಮ್ಮೆ ನೋಡಿ. ಎಲ್ಲ ಸರಿ ಕಂಡರೆ ಎಸಿ, ಹೆಡ್‌ಲೈಟ್ ಹಚ್ಚಿ ಸ್ಟಿಯರಿಂಗ್ ಎರಡೂ ಕಡೆಗೆ ತಿರುಗಿಸಿ. ಟೆನ್ಷನರ್ ತೋಳು ಸಣ್ಣಗೆ ನಡುಗುವುದು ಸಹಜ, ಕಪ್ಪೆಯಂತೆ ಕುಪ್ಪಳಿಸಬಾರದು. ಮಲ್ಟಿಮೀಟರ್ ಇದ್ದರೆ ಬ್ಯಾಟರಿಯ ತುದಿಗಳಲ್ಲಿ ಸಾಮಾನ್ಯವಾಗಿ 13.5ರಿಂದ 14.7 ವೋಲ್ಟ್ ಸಿಗಬೇಕು.

ಚಕ್ರ ಹಾಕಿ ಕಾಲು ಗಂಟೆ ಓಡಿಸಿ ಬಂದು, ಮೊದಲಿನಂತೆ ಚಕ್ರ ತೆಗೆದು ಬೆಲ್ಟಿನ ಅಂಚು, ಕ್ರ್ಯಾಂಕ್ ಪುಲ್ಲಿಯ ಗೆರೆ ಎರಡನ್ನೂ ನೋಡಿ. ಪುಲ್ಲಿಯ ಸುತ್ತ ಹೊಸದಾಗಿ ಕಪ್ಪು ಪುಡಿ ಬಿದ್ದಿದ್ದರೆ ಕಾರಣ ಇನ್ನೂ ಸಿಕ್ಕಿಲ್ಲ, ಸ್ಕೇಲನ್ನು ಮತ್ತೆ ಕೈಗೆತ್ತಿಕೊಳ್ಳಿ. ಏನೂ ಇಲ್ಲದಿದ್ದರೆ ಕಿಲೋಮೀಟರ್ ರೀಡಿಂಗ್ ಬರೆದಿಟ್ಟು ಶೀಲ್ಡಿನ ಕ್ಲಿಪ್‌ಗಳನ್ನು ಒಂದೂ ಬಿಡದೆ ಒತ್ತಿ ಚಕ್ರ ಹಾಕಿ.